ಮೂರು ಚೀಟಿ, ಎರಡು ಹೆಸರು

ನಮ್ಮ ಅವ್ವ ಅಪ್ಪನ ಹೆಸರನ್ನು ಬಾಯಿಂದ ಹೇಳಿದವಳಲ್ಲ. ರೇಷನ್ ಕಾರ್ಡಿನವರು ಬಾಗಿಲಿಗೆ ಬಂದು ಯಜಮಾನರ ಹೆಸರು ಕೇಳಿದರೆ ನಮ್ಮನ್ನು ಕರೆದು, "ಹೇಳ್ರಿ ಯವ್ವಾ, ಕೇಳಾಕತ್ತಾರ" ಎಂದು ತಾನು ಸೆರಗು ಎಳೆದುಕೊಂಡು ನಿಲ್ಲುತ್ತಿದ್ದಳು. ಮದುವೆ ಮನೆಯಲ್ಲಿ ಹೆಂಗಸರು ಒಡಪು ಕಟ್ಟಿ ಗಂಡನ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಅವಳಿಗೆ ಪಾತ್ರೆ ತೊಳೆಯುವ ಕೆಲಸ ನೆನಪಾಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೂ ಅದು ಬದಲಾಗಲಿಲ್ಲ. "ಅವರು ಹೋಗ್ಯಾರ, ಹೆಸರು ಇಲ್ಲೇ ಐತಲ್ಲ" ಎನ್ನುತ್ತಿದ್ದಳು.

ಆ ಹೇಳದ ಹೆಸರು ಒಮ್ಮೆ ನಮ್ಮಿಬ್ಬರು ಅಕ್ಕತಂಗಿಯರನ್ನು ಒಂಬತ್ತು ದಿನ ಕೆಂಡದ ಮೇಲೆ ಕೂರಿಸಿತ್ತು. ಅದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಮ್ಮ ತವರು ಹಾವೇರಿ ಹತ್ತಿರದ ಅಗಡಿ. ಅಕ್ಕನನ್ನು ಬ್ಯಾಡಗಿಗೆ ಕೊಟ್ಟಿದ್ದರು. ಭಾವನದು ಮೆಣಸಿನಕಾಯಿ ದಲಾಲಿ ಅಂಗಡಿ. ನನ್ನನ್ನು ರಾಣೇಬೆನ್ನೂರಿಗೆ ಕೊಟ್ಟರು. ಕುಪ್ಪೇಲೂರಿನ ದಾರಿಯಲ್ಲಿ ನಮ್ಮ ಹೊಲ. ನಮ್ಮ ಮನೆಯವರು ಬೀಜದ ಕಂಪನಿಗೆ ಟೊಮ್ಯಾಟೊ, ಮೆಣಸಿನ ಬೀಜ ಮಾಡಿಕೊಡುತ್ತಿದ್ದರು. ಅಪ್ಪ ತೀರಿಕೊಂಡ ವರ್ಷವೇ ಅಕ್ಕನಿಗೆ ಎರಡನೆಯ ಗಂಡುಮಗು ಹುಟ್ಟಿತು. ನಾಲ್ಕು ತಿಂಗಳಿಗೆ ನನಗೂ ಒಬ್ಬ ಮಗ ಹುಟ್ಟಿದ. ನೀನು ಇಡು, ನಾನು ಬಿಡುತ್ತೇನೆ ಎಂದು ಯಾರೂ ಹೇಳಲಿಲ್ಲ; ಇಬ್ಬರೂ ಅಪ್ಪನ ಹೆಸರನ್ನೇ ಇಟ್ಟೆವು. ಅಕ್ಕನ ದೊಡ್ಡ ಮಗನಿಗೆ ಮಾತ್ರ ಅವರ ಮನೆಯ ಅಜ್ಜನ ಹೆಸರು. ಅವ್ವನಿಗೆ ಸಂಕಟ. ಇಬ್ಬರು ಮೊಮ್ಮಕ್ಕಳು, ಇಬ್ಬರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಅಕ್ಕನ ಸಣ್ಣ ಮಗನನ್ನು 'ಬ್ಯಾಡಗಿ ಅಪ್ಪ' ಎಂದೂ ನನ್ನವನನ್ನು 'ರಾಣೇಬೆನ್ನೂರ ಅಪ್ಪ' ಎಂದೂ ಕರೆಯತೊಡಗಿದಳು. ಇಬ್ಬರೂ ಸೇರಿ ಏನಾದರೂ ಒಡೆದರೆ, "ಎರಡೂ ಅಪ್ಪಗೋಳು ಸೇರಿ ನನ್ನ ಮನಿ ತಗೀತಾವು" ಎಂದು ಬೈಯುತ್ತಿದ್ದಳು.

ಮೊಬೈಲು ನಮ್ಮ ಕಡೆ ಎಲ್ಲರ ಕೈಗೂ ಇನ್ನೂ ಬಂದಿರದ ಕಾಲ. ಅಕ್ಕನ ದೊಡ್ಡ ಮಗನಿಗೆ ಎಂಟು ತುಂಬಿತ್ತು. ಶಾಲೆಯ ಅಕ್ಕೋರು ಒಂದು ದಿನ ಅಕ್ಕನನ್ನು ಕರೆಸಿ, ಹುಡುಗ ಮಾತು ಕೇಳಿಸಿಕೊಳ್ಳುತ್ತಿಲ್ಲ, ಅಕ್ಷರ ಗೆರೆ ಬಿಟ್ಟು ಹೋಗುತ್ತಿವೆ ಎಂದರು. ಆಮೇಲೆ ಅವನ ಕಣ್ಣು ಸರಿಯಾಗಿ ಕಾಣದಾಯಿತು. ಬ್ಯಾಡಗಿಯಲ್ಲಿ ಸುಗ್ಗಿಯ ಕಾಲಕ್ಕೆ ಗಾಳಿಯಲ್ಲೇ ಖಾರ ಇರುತ್ತದೆ, ಬಸ್ಸಿನಿಂದ ಇಳಿದವರು ಮೊದಲು ಸೀನಿ ಆಮೇಲೆ ಮಾತಾಡುತ್ತಾರೆ. ಆದ್ದರಿಂದ ಕಣ್ಣಿಗೆ ಮೆಣಸಿನ ಘಾಟು ಬಡಿದಿದೆ ಎಂದುಕೊಂಡು ಹನಿ ಹಾಕಿದರು. ಮೈ ಕಪ್ಪಾಗುತ್ತ ಬಂದಾಗ ಬಿಸಿಲಿನಲ್ಲಿ ಆಡುತ್ತಾನೆ ಎಂದರು. ಕಿವಿಯ ಡಾಕ್ಟರು, ಕಣ್ಣಿನ ಡಾಕ್ಟರು ಎಲ್ಲ ಮುಗಿದು, ನಡೆಯುವಾಗ ಅವನ ಕಾಲು ತೊಡರತೊಡಗಿದ ಮೇಲೆ, ಹುಬ್ಬಳ್ಳಿಯಿಂದ ತಿಂಗಳಿಗೆ ಎರಡು ಸಲ ಹಾವೇರಿಗೆ ಬರುತ್ತಿದ್ದ ನರರೋಗದ ಡಾಕ್ಟರ ಹತ್ತಿರ ಹೋದೆವು. ಅಕ್ಕನ ಜೊತೆಗೆ ನಾನೂ ಅವ್ವನೂ ಇದ್ದೆವು.

ಡಾಕ್ಟರು ತಲೆಯ ಸ್ಕ್ಯಾನ್ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಉದ್ದದೊಂದು ಇಂಗ್ಲಿಷ್ ಹೆಸರು ಹೇಳಿದರು. ಅದು ನನ್ನ ನಾಲಗೆಗೆ ಇವತ್ತಿಗೂ ಬಂದಿಲ್ಲ.

"ನರದ ಮ್ಯಾಲೆ ಒಂದು ಹೊದಿಕಿ ಇರ್ತೈತ್ರಿ, ಕರೆಂಟ್ ವಾಯರಿನ ಮ್ಯಾಲೆ ರಬ್ಬರ್ ಇದ್ದಂಗ. ಇವನ ಮೈಯಾಗ ಒಂದು ನಮೂನಿ ಕೊಬ್ಬು ಕರಗವಲ್ದು. ಅದು ಕೂಡಿ ಕೂಡಿ ಮಿದುಳಿನಾಗಿನ ಆ ರಬ್ಬರ್ ಹಾಳು ಮಾಡಾಕತ್ತೈತಿ. ಹುಟ್ಟಿನಿಂದ ಬಂದದ್ದಿದು."

"ಹುಟ್ಟಿನಿಂದ ಅಂದ್ರ?" ಎಂದಳು ಅಕ್ಕ.

"ತಾಯಿ ಕಡಿಯಿಂದ ಬರ್ತೈತಿ. ತಾಯಿಗೆ ಬಹುತೇಕ ಏನೂ ತ್ರಾಸ ಇರೂದಿಲ್ಲ. ಗಂಡು ಹುಟ್ಟಿದ್ರ ಇಬ್ಬರಾಗ ಒಬ್ಬರಿಗೆ ಬರಬಹುದು. ನಿಮ್ಮ ತವರಿನಾಗ ಹಿಂದ ಯಾರರೆ ಗಂಡುಹುಡುಗ್ರು ಹಿಂಗ ಆಗಿದ್ರೇನ್ರಿ?"

ಅವ್ವ ಮೆಲ್ಲಗೆ ಕುರ್ಚಿಯಿಂದ ಎದ್ದು ನಿಂತಳು. ಅವಳ ಬೆನ್ನಿಗೆ ಬಿದ್ದ ತಮ್ಮನೊಬ್ಬ ಒಂಬತ್ತನೆಯ ವರ್ಷಕ್ಕೆ ಕಣ್ಣು ಹೋಗಿ, ಮಾತು ಹೋಗಿ ತೀರಿಕೊಂಡಿದ್ದ. ದೇವರ ಮುನಿಸು ಎಂದು ಹೇಳಿ ಮನೆಯಲ್ಲಿ ಆ ಮಾತನ್ನು ಮುಚ್ಚಿಟ್ಟಿದ್ದರು. "ದೇವ್ರು ಸಿಟ್ಟಾಗಿರ್ಲಿಲ್ಲೇನ್ರಿ ಹಂಗಾದ್ರ?" ಎಂದು ಅವ್ವ ಕೇಳಿದಳು. ಡಾಕ್ಟರು, "ಇಲ್ಲ ಬಿಡ್ರಿ ಅಮ್ಮಾರ, ದೇವ್ರದು ಇದರಾಗ ಏನೂ ತಪ್ಪಿಲ್ಲ" ಎಂದರು. ಅಷ್ಟು ವರ್ಷ ಹೊತ್ತಿದ್ದ ಭಾರ ಆ ಒಂದು ಮಾತಿಗೆ ಅವ್ವನ ಹೆಗಲಿಂದ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅಂಥ ಹೊತ್ತಿನಲ್ಲೂ ಅದೊಂದು ಉಪಕಾರವೇ.

ನನಗೆ ಡಾಕ್ಟರ ಮಾತು ಬೇಗ ತಿಳಿಯಿತು. ನಮ್ಮ ಬೀಜದ ಹೊಲದಲ್ಲಿ ಒಂದು ಕಡೆ ಗಂಡು ಸಾಲು, ಒಂದು ಕಡೆ ಹೆಣ್ಣು ಸಾಲು. ಸಂಜೆ ಹೆಣ್ಣು ಗಿಡದ ಮೊಗ್ಗಿನಿಂದ ಕೇಸರ ಕಿತ್ತು, ಮರುದಿನ ಮುಂಜಾನೆ ಗಂಡು ಗಿಡದ ಪುಡಿಯನ್ನು ಬೆರಳಿಂದ ಹಚ್ಚಿ, ಹಚ್ಚಿದ ಹೂವಿಗೆ ಕೆಂಪು ನೂಲು ಕಟ್ಟುತ್ತೇವೆ. ಇದಕ್ಕೆ ಕ್ರಾಸಿಂಗ್ ಅನ್ನುತ್ತೇವೆ. ಹೆಣ್ಣು ಗಿಡ ನೋಡಲು ಹಸಿರಾಗಿ ತುಂಬಿಕೊಂಡೇ ನಿಂತಿರುತ್ತದೆ. ಅದರ ಬೀಜ ಬಿತ್ತಿದಾಗಲೇ ಒಳಗೆ ಏನಿತ್ತೆಂದು ತಿಳಿಯುವುದು. ಅಕ್ಕನ ಮುಖ ನೋಡಿದೆ. ಅವಳೂ ಗಿಡದ ಹಾಗೆ ಆರೋಗ್ಯವಾಗಿಯೇ ಇದ್ದಳು. ಆಮೇಲೆ ನನ್ನ ಬಗ್ಗೆ ಯೋಚನೆ ಬಂತು. ನಾನೂ ಅದೇ ತಾಯಿಯ ಮಗಳು.

"ಇದಕ್ಕ ಇಲಾಜು?" ಎಂದಳು ಅಕ್ಕ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ದೊಡ್ಡವನಿಗೆ ತಡವಾಗಿದೆ, ಸುಖವಾಗಿ ನೋಡಿಕೊಳ್ಳಬಹುದು, ಹಿಂದಕ್ಕೆ ತರಲಾಗದು ಎಂದರು. ಆದರೆ ರೋಗ ಶುರುವಾಗುವ ಮೊದಲೇ ಸಿಕ್ಕವರಿಗೆ ದಾರಿ ಇದೆ ಎಂದು ಹೇಳಿದರು. "ಹೊಂದೂವಂಥ ಇನ್ನೊಬ್ಬರ ಎಲುಬಿನ ಮಜ್ಜೆ ಹಾಕ್ತಾರ. ಅದು ಸಿಗದವರಿಗೆ ಈಗ ಹೊರದೇಶದಾಗ ಒಂದು ಹೊಸಾದು ಪರೀಕ್ಷಾ, ಟ್ರಯಲ್ ಅಂತಾರಲ್ಲ, ಅದನ್ನ ನಡಿಸ್ಯಾರ. ಹುಡುಗನ ಎಲುಬಿನಾಗಿನ ಮಜ್ಜೆನ ತಗದು..."

"ಎಲುಬಿನ್ಯಾಗ ಮಜ್ಜಿಗಿ ಎಲ್ಲಿಂದ ಬಂತ್ರಿ?" ಎಂದಳು ಅವ್ವ.

ಅಳುವವಳಿದ್ದ ಅಕ್ಕನಿಗೆ ನಗು ಬಂತು. ಡಾಕ್ಟರೂ ನಕ್ಕರು. "ಮಜ್ಜಿಗಿ ಅಲ್ರಿ, ಮಜ್ಜೆ. ರಕ್ತ ಹುಟ್ಟೂ ಜಾಗಾ. ಅದನ್ನ ತಗದು, ಅದರಾಗ ಸರಿ ಇರೂ ಜೀನು ಸೇರಿಸಿ, ತಿರುಗಿ ಅವನ ಮೈಗೇ ಹಾಕ್ತಾರ. ಸೇರಸಾಕ ಒಂದು ವೈರಸ್ ಉಪಯೋಗ ಮಾಡ್ತಾರ."

"ವೈರಸ್ಸಾ? ಮೆಣಸಿನ ಗಿಡಕ್ಕ ಮುಟುರು ರೋಗ ತರ್ತೈತಲ್ರಿ, ಅದ?" ಅಕ್ಕ ಬ್ಯಾಡಗಿಯವಳು, ಅವಳಿಗೆ ಗೊತ್ತಿದ್ದದ್ದು ಆ ವೈರಸ್ಸೇ.

"ಅದರ ಬಳಗದ್ದು ಅನ್ರಿ. ಖರೇ ಇದು ಹಲ್ಲು ಕಿತ್ತ ಹಾವು. ಒಳಗ ಹೋಗಾಕ ಅಷ್ಟ ಬರ್ತೈತಿ, ಕಚ್ಚಾಕ ಬರೂದಿಲ್ಲ. ಆದ್ರ ಇನ್ನೂ ಪರೀಕ್ಷಾದಾಗ ಐತಿ, ನೆನಪಿರ್ಲಿ. ಬೆರಳ ಮ್ಯಾಲೆ ಎಣಿಸುವಷ್ಟು ಹುಡುಗ್ರಿಗೆ ಮಾಡ್ಯಾರ. ಮೊದಲ ನಿಮ್ಮ ಸಣ್ಣ ಹುಡುಗ್ರಿಬ್ಬರ ರಕ್ತ ನೋಡೂಣು. ಜೋಡಿ ಹಚ್ಚಿ ನೋಡಾಕ ದೊಡ್ಡವಂದೂ ಬೇಕು."

ಮುಂದಿನ ಸಲ ಮೂವರನ್ನೂ ಕರೆದುಕೊಂಡು ಹೋದೆವು. ಸಣ್ಣವರಿಬ್ಬರಿಗೂ ಆಗ ಐದು ವರ್ಷ. ಸೂಜಿ ಅಂದ ಕೂಡಲೇ ನನ್ನವನು ಮೇಜಿನ ಕೆಳಗೆ ಹೊಕ್ಕ. ಅವನನ್ನು ನೋಡಿ ಬ್ಯಾಡಗಿಯವನೂ ಅಲ್ಲಿಗೇ ಹೋದ. ನಾನೂ ಅಕ್ಕನೂ ಒಳಕೋಣೆಯಲ್ಲಿ ಇವರನ್ನು ಹೊರಗೆಳೆಯುವುದರಲ್ಲಿದ್ದೆವು. ದೊಡ್ಡವನು ಅವ್ವನ ಜೊತೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಕಿಟಕಿಯಲ್ಲಿ ಹೆಸರು ಬರೆಸುವ ಕೆಲಸ ಅವ್ವನಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಅವ್ವನೂ ದೊಡ್ಡವನೂ ಮೂರು ಚೀಟಿ ಹಿಡಿದು ಒಳಗೆ ಬಂದರು. ಒಂದೊಂದು ಹುಡುಗನ ಕೈಯಲ್ಲಿ ಒಂದೊಂದು. ರಕ್ತ ತೆಗೆಯುವ ಹುಡುಗಿ ಚೀಟಿ ನೋಡಿ ನಳಿಗೆಯ ಮೇಲೆ ಹೆಸರು ಬರೆಯುತ್ತಿದ್ದಳು. ದೊಡ್ಡವನ ಬೆರಳು ಆಗಲೇ ಮಡಚಿಕೊಳ್ಳತೊಡಗಿದ್ದವು. ಅವನ ಮುಷ್ಟಿಯಿಂದ ಚೀಟಿ ಬಿಡಿಸುವುದು ನನಗೆ ಕಷ್ಟವಾಯಿತು. ಬಿಡಿಸಿದೆ, ಕೊಟ್ಟೆ. ಅದರಲ್ಲಿ ಏನು ಬರೆದಿದೆ ಎಂದು ನೋಡಲಿಲ್ಲ. ನಾನು ಏಳನೆಯ ಇಯತ್ತೆ ಓದಿದವಳು, ಕನ್ನಡ ಚೆನ್ನಾಗಿ ಬರುತ್ತದೆ. ಚೀಟಿ ಇಂಗ್ಲಿಷಿನಲ್ಲಿತ್ತು, ಮನಸ್ಸು ಸೂಜಿಯ ಮೇಲಿತ್ತು.

ತಿಂಗಳು ಕಳೆದ ಮೇಲೆ ಡಾಕ್ಟರು ಕರೆಸಿದರು. ಮೇಜಿನ ಮೇಲೆ ಮೂರು ಲಕೋಟೆ ಇದ್ದವು. ಒಂದನ್ನು ನೋಡಿ, "ಇದು ದೊಡ್ಡವಂದು. ನಮಗ ಗೊತ್ತಿದ್ದದ್ದ ಐತಿ" ಎಂದು ಒಡೆಯದೆ ಫೈಲಿನಲ್ಲಿ ಹಾಕಿದರು. ಉಳಿದೆರಡನ್ನು ಒಡೆದು ಓದಿದರು. ಒಂದನ್ನು ಎಡಕ್ಕೆ ಇಟ್ಟರು, ಒಂದನ್ನು ಬಲಕ್ಕೆ ಇಟ್ಟರು. ಮತ್ತೆ ಎರಡನ್ನೂ ಕೈಗೆ ತೆಗೆದುಕೊಂಡರು.

"ಒಬ್ಬಾಂವಗ ಇಲ್ಲ. ಒಬ್ಬಾಂವಗ ಐತಿ."

"ಯಾರಿಗೈತ್ರಿ?" ಇಬ್ಬರೂ ಒಟ್ಟಿಗೆ ಕೇಳಿದೆವು.

ಡಾಕ್ಟರು ಹಾಳೆ ನಮ್ಮ ಕಡೆ ತಿರುಗಿಸಿ, ಬೆರಳಿಟ್ಟು ಓದಿ ಹೇಳಿದರು. ಎರಡರ ಮೇಲೂ ಅಪ್ಪನ ಹೆಸರು. ಎರಡರಲ್ಲೂ ಐದು ವರ್ಷ. ತಂದೆಯ ಹೆಸರಿಲ್ಲ, ಊರು ಹಾವೇರಿ ಜಿಲ್ಲೆ ಎಂದಷ್ಟೇ. ಡಾಕ್ಟರು ನೊಂದುಕೊಂಡರು. ಹತ್ತು ದಿನದ ಮೇಲೆ ತಾವು ಬರುವ ದಿನ ಮತ್ತೆ ರಕ್ತ ತೆಗೆಯೋಣ, ಯಾರಿಗೇ ಇದ್ದರೂ ಇಬ್ಬರೂ ಈಗ ಆರಾಮಾಗಿದ್ದಾರೆ, ಆರಾಮಿದ್ದಾಗಲೇ ಸಿಕ್ಕದ್ದು ಪುಣ್ಯ, ಮಜ್ಜೆ ಹೊಂದದಿದ್ದರೆ ಆ ಹೊರದೇಶದವರಿಗೂ ಬರೆದು ಕೇಳುತ್ತೇನೆ ಎಂದರು. ನಮ್ಮ ಕಿವಿಗೆ ಒಂದೂ ಸರಿಯಾಗಿ ಬೀಳಲಿಲ್ಲ.

ಹಾವೇರಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತೆವು. ಬ್ಯಾಡಗಿ ಬಸ್ಸು ಒಂದು ಹೋಯಿತು, ರಾಣೇಬೆನ್ನೂರ ಬಸ್ಸು ಎರಡು ಹೋದವು. ಹುಡುಗರು ಅವ್ವನ ಹತ್ತಿರ ಅಗಡಿಯಲ್ಲಿದ್ದರು.

"ಟ್ರಯಲ್ ಅಂದ್ರು ಡಾಕ್ಟರು. ನಿಮ್ಮ ಹೊಲದಾಗೂ ಟ್ರಯಲ್ ಇರ್ತಾವಲ್ಲ. ಹೆಂಗಿರ್ತಾವು ಹೇಳು" ಎಂದಳು ಅಕ್ಕ.

ನಮ್ಮ ಹೊಲದ ಅಂಚಿಗೆ ಕಂಪನಿಯವರು ವರ್ಷಕ್ಕೆ ಒಂದಿಷ್ಟು ಸಾಲು ಹೊಸ ತಳಿ ಹಾಕಿಸುತ್ತಿದ್ದರು. ತಳಿಗೆ ಹೆಸರು ಇರುತ್ತಿರಲಿಲ್ಲ. ಕಟ್ಟಿಗೆಯ ಗೂಟದ ಮೇಲೆ ನಂಬರು ಮಾತ್ರ. ನಡುವೆ ಹಳೆಯ ತಳಿಯದೊಂದು ಸಾಲು, ಹೋಲಿಸಿ ನೋಡಲು. ಗೆದ್ದರೆ ಮುಂದಿನ ವರ್ಷ ಹೆಸರು ಇಡುತ್ತಿದ್ದರು. ಸೋತರೆ ಬೇರು ಸಮೇತ ಕೀಳಿಸುತ್ತಿದ್ದರು. ಅದನ್ನೆಲ್ಲ ಅಕ್ಕನಿಗೆ ಹೇಳಿದೆ, ಕೀಳಿಸುವುದೊಂದನ್ನು ಬಿಟ್ಟು.

"ಸೋತ್ರ?" ಅವಳೇ ಕೇಳಿದಳು.

"ಸೋತ್ರ ಯಾಕ ಸೋತ್ವು ಅಂತ ಬರಕೋತಾರ" ಎಂದೆ. ಅದೂ ಸುಳ್ಳಲ್ಲ.

ಅಕ್ಕ ಸ್ವಲ್ಪ ಹೊತ್ತು ಸೆರಗಿನ ತುದಿ ಸುರುಳಿ ಮಾಡುತ್ತ ಕುಳಿತಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ನನ್ನ ಮಗಂದ ಆಗಿರ್ಲಿ ಬಿಡು ತಂಗಿ. ನನಗ ಗೊತ್ತೈತಿ ಇದು ಹೆಂಗಿರ್ತೈತಿ ಅಂತ. ನಿನಗ ಹೊಸಾದು, ನೀ ತಡಕೊಳ್ಳೂದಿಲ್ಲ."

"ಹುಚ್ಚಿ, ಏನ್ ಮಾತಾಡ್ತಿ" ಎಂದು ಬೈದೆ. ಬೈದೆನೇ ಹೊರತು, 'ಬೇಡ, ನನ್ನ ಮಗನದೇ ಆಗಿರಲಿ' ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಉಪಯೋಗವಿಲ್ಲ.

ಮಗನನ್ನು ಅಗಡಿಯಿಂದ ಕರೆದುಕೊಂಡು ಮನೆಗೆ ಬಂದೆ. ಫೈಲನ್ನು ಅಕ್ಕ ನನ್ನ ಕೈಗೆ ಕೊಟ್ಟಿದ್ದಳು, ಕಂಪನಿಯ ಸಾಹೇಬರು ಯಾರಾದರೂ ಓದಿ ಹೇಳಬಹುದು ಎಂದು. ಓದಿಸುವ ಧೈರ್ಯ ಬರಲಿಲ್ಲ. ಗೋಡೆಯಲ್ಲಿನ ದೇವರ ಮಾಡದ ಕೆಳಗೆ ಇಟ್ಟೆ.

ದಿನಾ ಮುಂಜಾನೆ ಪೂಜೆಗೆ ಕೂತು ಪತ್ರಿ ಏರಿಸುವಾಗ, ಒಂದೊಂದು ಪತ್ರಿಗೆ ದೇವರು ಕೊಟ್ಟ ಒಂದೊಂದು ಒಳ್ಳೆಯದನ್ನು ನೆನೆಯುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಮಾವನವರ ಕೆಮ್ಮು ಇಳಿಯಿತು, ಬೋರಿನಲ್ಲಿ ನೀರಿದೆ, ಹೀಗೆ. ಆ ದಿನಗಳಲ್ಲಿ ಐದು ಪತ್ರಿಗೆ ಐದು ಒಳ್ಳೆಯದು ಸಿಗಲಿಲ್ಲ. ಕೈ ತುಂಬ ಪತ್ರಿ ಹಿಡಿದು ಸುಮ್ಮನೆ ಕೂರುತ್ತಿದ್ದೆ. ಮಗ ಎಡವಿದರೆ ಓಡಿಹೋಗಿ ಅವನನ್ನು ಮತ್ತೆ ನಡೆಸಿ ನೋಡುತ್ತಿದ್ದೆ. ಕರೆದಾಗ ತಿರುಗಿ ನೋಡದಿದ್ದರೆ ಕಿವಿ ಕೇಳಿಸುತ್ತಿಲ್ಲವೇನೋ ಎಂದುಕೊಳ್ಳುತ್ತಿದ್ದೆ. ಅವನು ಟಿವಿ ನೋಡುತ್ತಿರುತ್ತಿದ್ದ. ಅವನ ಅಂಗಿ ತೆಗೆದು ಬೆನ್ನು ಕಪ್ಪಾಗಿದೆಯೇ ಎಂದು ಬೆಳಕಿಗೆ ನಿಲ್ಲಿಸಿ ನೋಡುತ್ತಿದ್ದೆ. ಒಂದು ದಿನ ಅವನೇ, "ಅವ್ವಾ, ನಾ ಏನ್ ಟೊಮ್ಯಾಟೊ ಏನು, ಹಿಂಗ ತಿರುಗಿಸಿ ತಿರುಗಿಸಿ ನೋಡ್ತಿ?" ಎಂದ.

ಕ್ರಾಸಿಂಗ್ ಮುಗಿದು ಬೀಜ ತೆಗೆಯುವ ಕಾಲ ಬಂದಿತ್ತು. ಒಂಬತ್ತನೆಯ ದಿನ ಮುಂಜಾನೆ ಕಟ್ಟೆಯ ಮೇಲೆ ಕುಳಿತು ಒಣಗಿದ ಬೀಜ ಆರಿಸುತ್ತಿದ್ದೆ. ನಮ್ಮ ಮನೆಯವರು ಚೀಲಗಳಿಗೆ ಚೀಟಿ ಕಟ್ಟುತ್ತಿದ್ದರು. ಬೀಜದ ಚೀಲಕ್ಕೆ ಎರಡು ಚೀಟಿ ಇರುತ್ತವೆ. ಒಂದು ಹೊರಗೆ ಕಟ್ಟುವುದು, ಒಂದು ಒಳಗೆ ಬೀಜದ ಜೊತೆ ಹಾಕುವುದು. ಹೊರಗಿನದು ಸಾಗಿಸುವಾಗ ಅದಲುಬದಲಾಗಬಹುದು ಎಂದು ಹೀಗೆ ಮಾಡುತ್ತಾರೆ. ಅವರು ಆಳಿಗೆ ಹೇಳುತ್ತಿದ್ದರು: "ಹೊರಗಿನ ಚೀಟಿ ನೋಡಿ ಇಡಬ್ಯಾಡ. ಚೀಲ ಬಿಚ್ಚಿ ಒಳಗ ನೋಡು."

ನನ್ನ ಕೈ ನಿಂತಿತು. ಒಡೆಯದ ಲಕೋಟೆ ನೆನಪಾಯಿತು.

ಒಳಗೆ ಹೋಗಿ ಫೈಲು ತಂದು, ಲಕೋಟೆ ಒಡೆದು, ಮೂರೂ ಹಾಳೆಗಳನ್ನು ಬಿಸಿಲಿನಲ್ಲಿ ಸಾಲಾಗಿ ಹರಡಿದೆ. ಇಂಗ್ಲಿಷ್ ಓದಲು ಬರದಿದ್ದರೂ ನನ್ನ ಕಣ್ಣು ಬೀಜ ಆರಿಸಿ ಪಳಗಿದ ಕಣ್ಣು. ಒಂದೇ ಥರದ್ದು ಯಾವುದು, ಬೇರೆ ಯಾವುದು ಎಂದು ಅದಕ್ಕೆ ಬೇಗ ತಿಳಿಯುತ್ತದೆ. ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದ ಮಾತು. ಎರಡು ಹಾಳೆಯಲ್ಲಿ ಆ ಮಾತು ಒಂದೇ ಅಳತೆಗೆ ಒಂದೇ ಆಕಾರಕ್ಕೆ ಇತ್ತು. ಒಂದರಲ್ಲಿ ಮಾತ್ರ ಬೇರೆ.

"ಏನ್ರೀ, ಇಲ್ಲಿ ಬರ್ರಿ. ಈ ಎರಡು ಒಂದ ಥರಾ ಅದಾವಿಲ್ಲೋ ನೋಡ್ರಿ."

ಅವರು ಕೈ ಒರೆಸಿಕೊಂಡು ಬಂದರು. ಹತ್ತನೆಯವರೆಗೆ ಓದಿದವರು. ಬೆರಳಿಟ್ಟು ಓದಿದರು. "ಇದು ಇಲ್ಲ ಅಂತ ಐತಿ. ಇದೂ ಇಲ್ಲ ಅಂತ ಐತಿ. ಇದು ಐತಿ ಅಂತ."

"ಇಲ್ಲ ಅನ್ನೂ ಎರಡರಾಗ ಹೆಸರು ಏನೈತಿ?"

"ಒಂದರಾಗ ನಿಮ್ಮ ಅಪ್ಪಾರದು. ಇನ್ನೊಂದರಾಗ..." ಅವರು ನಿಂತರು. "ಇನ್ನೊಂದು ಬ್ಯಾಡಗಿ ದೊಡ್ಡಾಂವಂದಲ್ಲ? ಅವಗ ಇಲ್ಲ ಅಂತ ಹೆಂಗ ಬರ್ತೈತಿ? ಹಾಸಿಗಿ ಹಿಡದಾನ ಹುಡುಗ."

ದೊಡ್ಡವನ ಹೆಸರಿನ ಹಾಳೆ ಚೊಕ್ಕ. ಅದು ಆಗಲಾರದ ಮಾತು. ಹಾಗಾದರೆ ಆ ರಕ್ತ ಅವನದಲ್ಲ. ಅಗಡಿಯಲ್ಲಿ ಪಕ್ಕದ ಮನೆಗೆ ಫೋನ್ ಮಾಡಿ ಅವ್ವನನ್ನು ಕರೆಸಿದೆ.

"ಅವ್ವಾ, ಅವತ್ತು ಕಿಟಕ್ಯಾಗ ಹೆಸರು ಹೆಂಗ ಬರಿಸಿದಿ?"

"ಹೆಂಗ ಅಂದ್ರ? ಅಂವ ಮೂರೂ ಹುಡುಗ್ರ ಹೆಸರು ಕೇಳಿದ. ನಾ ದೊಡ್ಡಾಂವನ ಫೈಲು ಕೊಟ್ಟೆ, ಅದರಾಗ ಬರದೈತಲ್ಲ. ಸಣ್ಣವರದು ಹೇಳ್ರಿ ಅಂದ. ಇಬ್ಬರಿಗೂ ಐದು ವರ್ಷ, ಇಬ್ಬರದೂ ಅವರ ಅಜ್ಜಂದ ಐತಪಾ ಅಂದೆ. ಅಜ್ಜನ ಹೆಸರು ಹೇಳ್ರಿ ಅಂದ. ನನ್ನ ಬಾಯಾಗ ಹೆಂಗ ಬರಬೇಕದು?"

"ಮತ್ತ ಯಾರು ಹೇಳಿದ್ರು?"

"ದೊಡ್ಡಾಂವ ಬಾಜೂಕ ಇದ್ದನಲ್ಲ. ತಮ್ಮಾ, ಅಗಡಿ ಅಜ್ಜನ ಹೆಸರು ಹೇಳೋ ಅಂದೆ. ಹೇಳಿದ. ಎಷ್ಟ ಚೆಂದ ಹೇಳಿದ ಅಂತಿ! ನಾಕೈದು ದಿನದಿಂದ ಬಾಯಿ ತೊದಲತಿತ್ತು, ಅವತ್ತು ಸ್ವಚ್ಛ ಹೇಳಿದ. ಕಿಟಕಿಯಾಂವ ಬರಕೊಂಡು ಅವನ ಕೈಯಾಗ ಒಂದು ಚೀಟಿ ಕೊಟ್ಟ. ಆಮ್ಯಾಲೆ ಇನ್ನೆರಡು ಬರದು ನನ್ನ ಕೈಯಾಗ ಕೊಟ್ಟ, ಅವನ್ನ ನಾ ಸಣ್ಣವರ ಕೈಯಾಗ ಇಟ್ಟೆ."

ಅಲ್ಲಿಗೆ ಗಂಟು ಬಿಚ್ಚಿತು. ಹೆಸರು ಹೇಳಿದ ಹುಡುಗನದೇ ಆ ಹೆಸರು ಎಂದು ಕಿಟಕಿಯವನು ತಿಳಿದಿದ್ದ. ದೊಡ್ಡವನು ಮುಷ್ಟಿಯಲ್ಲಿ ಹಿಡಿದು ತಂದದ್ದು ನಮ್ಮ ಅಪ್ಪನ ಹೆಸರಿನ ಚೀಟಿ. ಫೈಲಿನಲ್ಲಿದ್ದ ದೊಡ್ಡವನ ಹೆಸರು ಸಣ್ಣವರಲ್ಲಿ ಒಬ್ಬನ ಕೈಗೆ ಹೋಗಿತ್ತು. ಅಂದರೆ 'ಐತಿ' ಎಂದ ಹಾಳೆ ದೊಡ್ಡವನದು. 'ಇಲ್ಲ' ಎಂದ ಎರಡೂ ಸಣ್ಣವರವು. ಯಾವುದು ಯಾರದು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ನಾನು ಬೀಜದ ಚೀಲದ ಮೇಲೆ ಕುಳಿತೆ. "ಏಳ, ಏಳ, ಮೊಳಕಿ ಮುರದಾವು" ಎಂದರು ಅವರು. ಹೇಳುತ್ತ ಹೇಳುತ್ತ ತಾವೂ ಪಕ್ಕದ ಚೀಲದ ಮೇಲೆ ಕುಳಿತರು.

ಅಕ್ಕನಿಗೆ ಫೋನ್ ಮಾಡಿದೆ. ಅಂಗಡಿಯ ಫೋನು, ಹಿಂದೆ ಹಮಾಲರ ಕೂಗು, ಸೀನು. ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳುವಾಗ ಅವಳು, "ತಡಿ, ನಾ ಕುಂತು ಕೇಳ್ತೀನಿ" ಎಂದಳು. ಆಮೇಲೆ, "ಎರಡೂ?" ಎಂದಳು.

"ಎರಡೂ ಅಕ್ಕಾ."

ಹಮಾಲರಿಗೆ ಗದ್ದಲ ಮಾಡಬೇಡಿ ಎಂದು ಕೂಗಿದಳು. ಕೊನೆಗೆ, "ನನ್ನ ದೊಡ್ಡಾಂವ ಇಬ್ಬರ ಪಾಲಿಂದೂ ತಾನ ತಗೊಂಡ ನೋಡು" ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ.

ಮರುದಿನ ಹಾವೇರಿಗೆ ಡಾಕ್ಟರು ಬರುವ ದಿನ. ಹಾಳೆ ನೋಡಿ ಅವರು ಹಣೆ ಬಡಿದುಕೊಂಡರು. "ನಾ ಆ ಲಕೋಟಿ ಒಡೀಬೇಕಾಗಿತ್ತು. ತಪ್ಪು ನಂದು" ಎಂದು ನಮ್ಮ ಮುಂದೆಯೇ ಹೇಳಿದರು. ಅಂಥ ದೊಡ್ಡವರು ಹಾಗೆ ಹೇಳಿದ್ದೂ ನಾನು ಎಣಿಸಿಟ್ಟುಕೊಂಡ ಒಂದು ಒಳ್ಳೆಯದು. ನಮ್ಮ ಲೆಕ್ಕ ಸರಿಯೇ ಇರಬೇಕು, ಆದರೂ ಖಾತ್ರಿಗೆ ಮತ್ತೊಮ್ಮೆ ರಕ್ತ ಕಳಿಸೋಣ ಎಂದರು.

ಮತ್ತೆ ಅದೇ ಕಿಟಕಿ, ಒಳಗೆ ಅದೇ ಮನುಷ್ಯ. "ಹೆಸರು ಹೇಳ್ರಿ" ಎಂದ. ನಾನು ಬಾಯಿ ತೆರೆದೆ. ಅವ್ವ ನನ್ನ ತೋಳು ಹಿಡಿದಳು.

"ನೀ ಸುಮ್ನಿರು. ನನ್ನಿಂದ ಆದದ್ದು, ನಾನ ಹೇಳ್ತೀನಿ."

ಚಪ್ಪಲಿ ಕಳಚಿ ಬದಿಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪನ ಹೆಸರನ್ನು, ಅಪ್ಪನ ಅಪ್ಪನ ಹೆಸರನ್ನು, ಮನೆತನವನ್ನು ಸೇರಿಸಿ, ದೇವರ ಮುಂದೆ ನಿಂತವಳ ಹಾಗೆ ಗಟ್ಟಿಯಾಗಿ ಹೇಳಿದಳು. ಐವತ್ತು ವರ್ಷ ಒಳಗೆ ಇಟ್ಟ ಹೆಸರು, ಒಂದಕ್ಷರ ಸವೆದಿರಲಿಲ್ಲ. ನನಗೂ ಅಕ್ಕನಿಗೂ ಕಣ್ಣು ತುಂಬಿ ಬಂತು. ಅಕ್ಕನ ತೊಡೆಯ ಮೇಲಿದ್ದ ದೊಡ್ಡವನು ಆಗ ಯಾರ ದನಿಗೂ ತಲೆ ಎತ್ತುತ್ತಿರಲಿಲ್ಲ. ಆ ಹೆಸರಿಗೆ ಕತ್ತು ತಿರುಗಿಸಿದ.

"ಇನ್ನೊಬ್ಬನ ಹೆಸರ್ರಿ?" ಎಂದ ಕಿಟಕಿಯವನು.

"ಅದ."

"ಅದ ಅಂದ್ರ?"

"ಅದ ಅಂದ್ರ ಅದ. ಎರಡೆರಡು ಸಲ ಹೇಳಸ್ಬ್ಯಾಡಪಾ ನನ್ನ ಕಡಿಂದ. ಒಂದರ ಮುಂದ ಬ್ಯಾಡಗಿ ಅಂತ ಬರಿ, ಒಂದರ ಮುಂದ ರಾಣೇಬೆನ್ನೂರ ಅಂತ ಬರಿ. ಅವರ ಅಪ್ಪಂದಿರ ಹೆಸರು ಇವರು ಹೇಳ್ತಾರ... ಅಲ್ಲಲ್ಲ, ಇವರೂ ಹೇಳೂದಿಲ್ಲ, ಹುಡುಗ್ರನ್ನ ಕೇಳು!"

ಕಿಟಕಿಯವನೂ ನಕ್ಕ. ನಾನು ಮಾತ್ರ ಆ ಸಲ ತಯಾರಾಗಿ ಹೋಗಿದ್ದೆ. ಕ್ರಾಸಿಂಗಿನ ನೂಲು ತಂದಿದ್ದೆ. ನನ್ನ ಮಗನ ಕೈಗೆ ಕೆಂಪು, ಅವನ ನಳಿಗೆಗೂ ಕೆಂಪು. ಬ್ಯಾಡಗಿಯವನಿಗೆ ಹಳದಿ, ನಳಿಗೆಗೂ ಹಳದಿ. ರಕ್ತ ತೆಗೆಯುವ ಹುಡುಗಿ, "ಇದೇನ್ರಿ ಅಕ್ಕಾರ, ತಾಯತ ಏನು?" ಎಂದಳು. "ಹ್ಞೂಂ, ತಾಯತನ ಅನ್ಕೋ" ಎಂದೆ.

ತಿಂಗಳ ಮೇಲೆ ಉತ್ತರ ಬಂತು. ಕೆಂಪು ನೂಲಿನವನಿಗೂ ಇಲ್ಲ, ಹಳದಿ ನೂಲಿನವನಿಗೂ ಇಲ್ಲ. ನನ್ನೊಳಗೆ ಆ ದೋಷ ಇದೆಯೋ ಇಲ್ಲವೋ ಇದರಿಂದ ತಿಳಿಯುವುದಿಲ್ಲ, ಬೇಕಾದರೆ ನೋಡೋಣ ಎಂದರು ಡಾಕ್ಟರು. ಮಗ ಹುಟ್ಟಿದ ಮರುವರ್ಷವೇ ನನ್ನ ಆಪರೇಷನ್ ಆಗಿತ್ತು, ಇನ್ನು ಮಕ್ಕಳಿಲ್ಲ. ಬೇಡ ಎಂದೆ. ಮನೆಯವರೆಲ್ಲ ಗಳಗನಾಥಕ್ಕೆ ಹೋಗಿ, ನದಿಗಳು ಕೂಡುವಲ್ಲಿ ಮಿಂದು, ದೇವರಿಗೆ ಕಾಯಿ ಒಡೆಸಿ ಬಂದೆವು. ದೊಡ್ಡವನನ್ನು ಭಾವ ಎತ್ತಿಕೊಂಡು ನೀರಿಗೆ ಕಾಲು ತಾಗಿಸಿದರು. ತಣ್ಣಗಿನ ನೀರಿಗೆ ಅವನು ಬೆರಳು ಅರಳಿಸಿದ.

ಅವನು ಇನ್ನೂ ಎರಡು ಮಳೆಗಾಲ ಇದ್ದ. ಮೈಗೆ ಒಂದು ಹುಣ್ಣು ಆಗದ ಹಾಗೆ ಅಕ್ಕ ನೋಡಿಕೊಂಡಳು. ನೋವಿಲ್ಲದೆ, ಮುಂಜಾನೆ, ಅವಳ ತೊಡೆಯ ಮೇಲೆಯೇ ಹೋದ. ಅವನು ಸ್ವಚ್ಛವಾಗಿ ಆಡಿದ ಕೊನೆಯ ಮಾತು ಅವ್ವನಿಗಾಗಿ ಹೇಳಿದ ಆ ಹೆಸರು ಎಂದು ಅಕ್ಕ ಈಗಲೂ ಹೇಳುತ್ತಾಳೆ.

ಮುಂದೆ ಯಾವಾಗಲೋ ಡಾಕ್ಟರು ಸಿಕ್ಕಾಗ, ಹೊರದೇಶದ ಆ ಪರೀಕ್ಷೆಯಲ್ಲಿ ಮೊದಲು ಸೇರಿದ ಹುಡುಗರ ರೋಗ ನಿಂತ ಹಾಗೆ ಕಾಣುತ್ತಿದೆಯಂತೆ, ಇನ್ನೂ ನೋಡಬೇಕು ಎಂದರು. ಆ ಹುಡುಗರಿಗೂ ನಮ್ಮ ಹೊಲದ ಸಾಲುಗಳ ಹಾಗೆ ನಂಬರೇ ಇರಬೇಕು. ಅವರ ತಾಯಂದಿರು ಒಂಬತ್ತು ದಿನವಲ್ಲ, ಎಷ್ಟೋ ವರ್ಷ ಹಾಗೆ ಕೂತಿರಬೇಕು. ಪೂಜೆಯಲ್ಲಿ ಅವರ ಪಾಲಿಗೆ ಒಂದು ಪತ್ರಿ ಏರಿಸುತ್ತೇನೆ. ಯಾರೆಂದು ದೇವರಿಗೆ ಗೊತ್ತಿದೆ.

ಎರಡೂ ಅಪ್ಪಗಳು ಈಗ ಅವ್ವನಿಗಿಂತ ಎತ್ತರ ಬೆಳೆದಿವೆ. ರಜೆಗೆ ಅಗಡಿಗೆ ಹೋದರೆ ಅವಳನ್ನು ಕಾಡುವುದೇ ಕೆಲಸ.

"ಅಜ್ಜೀ, ನನ್ನ ಹೆಸರೇನು ಹೇಳು?"

"ರಾಣೇಬೆನ್ನೂರ ಅಪ್ಪ."

"ಅಲ್ಲ, ಖರೇ ಹೆಸರು. ಆಸ್ಪತ್ರ್ಯಾಗ ಹೇಳಿದ್ದಿಯಂತಲ್ಲ!"

"ಅಲ್ಲಿ ಹೇಳಿದ್ದು ನಿನ್ನ ಹೆಸರಲ್ಲೋ ಹುಡುಗಾ, ನನ್ನ ಗಂಡಂದು" ಎನ್ನುತ್ತಾಳೆ ಅವ್ವ. ಎಂದವಳೇ ಸೆರಗು ಎಳೆದುಕೊಂಡು ಪಾತ್ರೆ ತೊಳೆಯಲು ಹೋಗುತ್ತಾಳೆ.